ಗುಬ್ಬಿಗೆ ಹೊರಟು ಗೂಳೂರು ಸೇರಿದ್ದು

ಬೆಳಕು ಹರಿಯುವ ಹೊತ್ತಿಗೆ ನಾನೂ ನಮ್ಮಕ್ಕ ಶಾರದೆಯೂ ಸೈಕಲ್ ಜಾಥಾಕ್ಕೆಂದು ಸೈಕಲ್ ತಳ್ಳಿಕೊಂಡು ತುಮಕೂರಿನ ಮೈದಾನ ಸೇರಿದೆವು. ಮಾಗಿಯ ಮಂಜು ಇನ್ನೂ ಕರಗಿರಲಿಲ್ಲ. ನೂರಾರು ಸೈಕಲ್‌ಗಳು, ಎಲ್ಲರಿಗೂ ಒಂದೇ ಹಳದಿ ಟೀ ಶರ್ಟ್, ಒಂದೇ ಬಿಳಿ ಹೆಲ್ಮೆಟ್. ಊರ ಬೀದಿಗಳನ್ನು ಒಟ್ಟಿಗೆ ಸುತ್ತಿ, ಆಮೇಲೆ ಒಂದು ತಂಡ ಗುಬ್ಬಿಗೆ, ಇನ್ನೊಂದು ಕುಣಿಗಲ್‌ಗೆ ಹೋಗುವುದೆಂದು ಹೇಳಿದ್ದರು. ಎಲ್ಲಿ ಬೇರೆಯಾಗಬೇಕೆಂದು ಮೈಕಿನವರು ಕೂಗುತ್ತಲೇ ಇದ್ದರು; ಬೆಲ್ಲುಗಳ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ.

ನಮ್ಮದು ಗುಬ್ಬಿ, ಸುಮಾರು ಇಪ್ಪತ್ತು ಕಿಲೋಮೀಟರ್. ಅಕ್ಕ ಐವತ್ತು ದಾಟಿದ ಮೇಲೆ ಸೈಕಲ್ ಕಲಿತವಳು. ಒಂದು ವರ್ಷದಿಂದ ನಮ್ಮ ಬಡಾವಣೆಯಲ್ಲಿ ದಿನಾ ತುಳಿಯುತ್ತಿದ್ದಳೇ ಹೊರತು ದೊಡ್ಡ ರಸ್ತೆಗೆ ಇಳಿದಿರಲಿಲ್ಲ. ಅವಳಿಗೆ ಬಲಗಿವಿ ಕೇಳಿಸುವುದಿಲ್ಲ. ಲಾರಿ, ಬಸ್ಸು ಬರುವುದು ಆ ಕಡೆಯಿಂದಲೇ. ಅದಕ್ಕೇ ಅವಳ ಬಲಕ್ಕೆ ನಾನಿರಬೇಕು ಎಂದು ಮಾತಾಗಿತ್ತು. ಅವಳ ಫೋನೂ ನನ್ನ ಬ್ಯಾಗಿನಲ್ಲೇ ಇತ್ತು.

ಟೌನ್‌ಹಾಲ್ ಹತ್ತಿರ ಸಿಟಿ ಬಸ್ಸೊಂದು ನಡುವೆ ನುಗ್ಗಿ ಗುಂಪು ಚೆದುರಿತು. ಬಸ್ಸು ಸರಿದಾಗ ಅಕ್ಕನ ಬೆನ್ನು ಕಂಡಿತು. ಸ್ವಲ್ಪ ಬಾಗಿದ ಹೆಗಲು, ಹೆಲ್ಮೆಟ್ ಕೆಳಗೆ ಗಿಡ್ಡ ಜಡೆ. ಸದ್ಯ ಎಂದುಕೊಂಡು ಅದರ ಹಿಂದೆಯೇ ತುಳಿದೆ. ಎಷ್ಟು ಕೂಗಿದರೂ ತಿರುಗಲಿಲ್ಲ. ಒಂದು ಕಿವಿ ಕೇಳಿಸದವಳು, ತಿರುಗುವುದಾದರೂ ಹೇಗೆ? ಮನೆಗಳು ಮುಗಿದು ತೋಟಗಳು ಬಂದವು. ಬೋರ್ಡಿನಲ್ಲಿ ಗೂಳೂರು ಎಂದಿತ್ತು. ಗುಬ್ಬಿ ದಾರಿಯಲ್ಲಿ ಗೂಳೂರು ಎಲ್ಲಿಂದ ಬಂತು?

ಜೋರಾಗಿ ತುಳಿದು ಪಕ್ಕಕ್ಕೆ ಹೋದೆ. ಇಪ್ಪತ್ತೈದರ ಹುಡುಗಿ ಕಿವಿಯಿಂದ ಇಯರ್‌ಫೋನ್ ತೆಗೆದಳು.

"ಯಾರ್ ಬೇಕಿತ್ತು ಆಂಟಿ?"

"ಇದು ಗುಬ್ಬಿ ರೋಡಲ್ವಾ?"

"ಅಯ್ಯೋ, ಕುಣಿಗಲ್ ರೋಡು! ಗುಬ್ಬಿಯವ್ರು ಸಿಟೀಲೇ ಬೇರೆ ಕಡೆ ಹೋದ್ರಲ್ಲ."

ಜಾಥಾ ನಡೆಸುವವರಿಗೆ ಫೋನ್ ಮಾಡಿ ಅಕ್ಕನ ಗುರುತು ಹೇಳಿದೆ. "ಹಳದಿ ಟೀ ಶರ್ಟಾ? ಎಲ್ರೂ ಅದನ್ನೇ ಹಾಕಿರೋದು ಮೇಡಂ," ಎಂದರು. ಅವಳು ಗುಬ್ಬಿಯ ಕಡೆ ಹೋದಳೋ, ನನ್ನನ್ನು ಹುಡುಕುತ್ತ ಸಿಟಿಯಲ್ಲೇ ನಿಂತಳೋ, ಇದೇ ರಸ್ತೆಯಲ್ಲಿ ನನಗಿಂತ ಮುಂದಿದ್ದಾಳೋ, ಒಂದೂ ತಿಳಿಯಲಿಲ್ಲ. ಖಾಲಿ ಬರುತ್ತಿದ್ದ ಲಗೇಜ್ ಆಟೋಗೆ ಕೈ ಅಡ್ಡ ಹಾಕಿ ಸೈಕಲ್ ಏರಿಸಿದೆ.

"ಭಯ ಬೀಳ್ಬೇಡಿ ಅಕ್ಕಾ. ಇಷ್ಟ್ ಜನದ್ ಮಧ್ಯ ಒಬ್ರು ಎಲ್ಲೋಗ್ತಾರೆ ಬುಡಿ," ಎಂದ ಡ್ರೈವರ್.

ಟೌನ್‌ಹಾಲ್ ಬಳಿ ಇಳಿದು ಹುಡುಕಿದೆ; ಇರಲಿಲ್ಲ. ಗುಬ್ಬಿ ರಸ್ತೆಗೆ ಬಿದ್ದೆವು. ಒಂದು ಕಡೆ ರಸ್ತೆ ಬದಿಯಲ್ಲಿ ಹಳದಿ ಅಂಗಿಗಳು ಗುಂಪುಗಟ್ಟಿ ಬಗ್ಗಿ ನೋಡುತ್ತಿದ್ದವು. ಆಟೋ ನಿಲ್ಲುವ ಮೊದಲೇ ಧುಮುಕಿದೆ. ಯಾರದೋ ಚೈನ್ ಕಳಚಿತ್ತು, ಅಷ್ಟೆ.

ಗುಬ್ಬಿ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಅಕ್ಕ ಗುರುತಿಲ್ಲದ ನಾಲ್ವರ ನಡುವೆ ಕೂತು ತಟ್ಟೆ ಇಡ್ಲಿ ತಿನ್ನುತ್ತಿದ್ದಳು.

"ಎಲ್ಲೋಗಿದ್ಯೇ? ಚಟ್ನಿ ಖಾಲಿಯಾಗೋಯ್ತು."

ನಾನು ಅಳುತ್ತಾ ಬೈದೆ. ಅವಳ ಕೈಯ ತುತ್ತು ನಿಂತಿತು.

"ಅಂದ್ರೆ, ನೀನ್ ಪಕ್ಕದಲ್ಲಿರ್ಲಿಲ್ವಾ? ಒಂದ್ ಸೈಕಲ್ ಇತ್ತಲ್ಲ, ಗುಬ್ಬಿವರ್ಗೂ? ತಿರುಗಿದ್ರೆ ಬೀಳ್ತೀನಿ ಅಂತ ನಾನು ನೋಡ್ಲೇ ಇಲ್ಲ ಕಣೇ. ಮಾತಾಡ್ಕೊಂಡೇ ಬಂದೆ."

ಪಕ್ಕದಲ್ಲಿ ಬಂದವರು ಯಾರೆಂದು ಅಲ್ಲಿದ್ದವರನ್ನೆಲ್ಲ ಕೇಳಿದೆವು. ಯಾರೂ ಹೌದೆನ್ನಲಿಲ್ಲ. ಎರಡೂ ಸೈಕಲ್ ಆಟೋಗೆ ಹಾಕಿ ವಾಪಸ್ ಹೋಗೋಣ ಎಂದೆ. ಅಕ್ಕ ಕೈ ತೊಳೆದು ಬಂದಳು.

"ನೀನು ಮುಂದೆ ಹೋಗು. ಪಕ್ಕದಲ್ಲಿ ಬೇಡ."

ಬಿಸಿಲೇರಿತ್ತು. ಸೈಕಲ್ ಇಳಿಸಿಕೊಂಡು, ಆಟೋ ಕಳಿಸಿ, ನಾನು ಮುಂದೆ ಹೋದೆ. ಮನಸ್ಸೆಲ್ಲ ಹಿಂದೆಯೇ ಇತ್ತು. ತುಮಕೂರು ಮುಟ್ಟಿದ ಮೇಲೆ ಒಂದು ಅಂಗಡಿಯ ನೆರಳಲ್ಲಿ ನಿಂತು ಕಾದೆ. ಕೊನೆಗೆ ಅಕ್ಕ ಬಂದಳು, ರಸ್ತೆಯನ್ನೇ ನೋಡುತ್ತ, ಏನೋ ಗೊಣಗಿಕೊಳ್ಳುತ್ತ. ನನ್ನನ್ನು ನೋಡದೆ ದಾಟಿಹೋದಳು. ಕೂಗಲು ಬಾಯಿ ತೆರೆದೆ. ಗಾಬರಿಯಾದಾಳೆಂದು ಸುಮ್ಮನಾಗಿ, ಅವಳ ಹಿಂದೆ ಪೆಡಲ್ ತುಳಿದೆ.