ಮುನಿಆಂಜನಪ್ಪನ ಮೂರನೇ ಗುಮ್ಮಟ

ಮರ್ಫಿ ಟೌನಲ್ಲಿ ಯಾವುದಾದ್ರೂ ಗೋಡೆ ಮುಂದೆ ಒಬ್ಬ ಮುದುಕ ನಿಂತ್ಕೊಂಡು ಗೋಡೆಗೆ ಬೈತಾ ಇದ್ರೆ, ಹತ್ರ ಹೋಗಿ ವಿಚಾರಿಸೋದೇನೂ ಬೇಡ. ಅವನೇ ನಮ್ಮ ಮುನಿಆಂಜನಪ್ಪ, ಗಾರೆ ಮೇಸ್ತ್ರಿ. ಆಧಾರ್ ಕಾರ್ಡ್ ಪ್ರಕಾರ ವಯಸ್ಸು ಅರವತ್ತೆಂಟು, ಅವರಮ್ಮನ ಲೆಕ್ಕದಲ್ಲಿ ಅರವತ್ತಾರು, ಬಾಯಿ ಕೇಳಿದ್ರೆ ಇನ್ನೂರು. ಬೆರಳ ಗೆಣ್ಣಲ್ಲಿ ಗೋಡೆಗೆ ಟಕ್ ಟಕ್ ಅಂತ ಕುಟ್ತಾನೆ, ಕಿವಿ ಇಡ್ತಾನೆ, "ಸಿಮೆಂಟಿಗೆ ಬದ್ಲು ರಾಗಿ ಹಿಟ್ಟು ಹಾಕವ್ನೆ ನನ್ಮಗ" ಅಂತಾನೆ. ಒಂದ್ಸಲ ಹಲಸೂರು ಕೆರೆ ಏರಿ ಮೇಲೆ ನಿಂತು ಹಿಂಗೇ ಬೈದ. ಆಚೆ ದಡದಲ್ಲಿ ಕೆಲಸ ಮಾಡ್ತಿದ್ದ ಯಾವನೋ ಮೇಸ್ತ್ರಿ ಕರಣೆ ಬಿಸಾಕಿ ಊರೇ ಬಿಟ್ಟೋದ. ನಾನು ಕಣ್ಣಾರೆ ನೋಡಿದೀನಿ. ನಂಬದೇ ಇರೋರು ಕೆರೇನ ಕೇಳ್ಕೊಳ್ಳಿ.

ನಾವಿಬ್ರೂ ಒಂದೇ ಬೀದೀಲಿ ಗೋಲಿ ಆಡಿದೋರು. ದೊಡ್ಡೋರಾದ್ಮೇಲೆ ನಾನು ಲಾರಿ ಹತ್ತಿದೆ, ಅವನು ಗಾರೆ ಕೆಲಸದ ಸಾರ್ವೆ ಹತ್ತಿದ. ಹದಿನಾಲ್ಕಕ್ಕೇ ಫ್ರೇಜರ್ ಟೌನಿನ ಬಷೀರ್ ಮೇಸ್ತ್ರಿ ಕೈಕೆಳಗೆ ಸೇರ್ಕೊಂಡ. ಬಷೀರ್ ಸಾಬ್ರು ಅಂದ್ರೆ ಮಸೀದಿ ಗುಮ್ಮಟ ಕಟ್ಟೋದ್ರಲ್ಲಿ ಎತ್ತಿದ ಕೈ. ಇವನು ಐದು ವರ್ಷ ಅವರ ಕೆಳಗೆ ನಿಂತು ಇಟ್ಟಿಗೆ ಎಸೀತಿದ್ದ, ಅವರು ಮೇಲೆ ಹಿಡ್ಕೊಂಡು ಗುಮ್ಮಟ ಸುತ್ತುತಿದ್ರು. ಅಷ್ಟಕ್ಕೇ ಇವನಿಗೆ ಗುಮ್ಮಟ ಕಟ್ಟೋದು ಗೊತ್ತು ಅಂತ ಒಂದು ನಂಬಿಕೆ ಕೂತ್ಬಿಡ್ತು. ನಾನು ನಲವತ್ತು ವರ್ಷ ಲಾರೀಲಿ ಮೀನು ಸಾಗಿಸಿದೀನಿ, ಹಂಗಂತ ಈಜೋಕೆ ಬರತ್ತಾ?

ಆಮೇಲೆ ಇಂದಿರಾನಗರದಲ್ಲಿ ಸ್ವಂತ ಮೇಸ್ತ್ರಿಕೆ. ಎಷ್ಟು ಮನೆ ಕಟ್ಟಿದ್ನೋ ಲೆಕ್ಕ ಇಲ್ಲ. ಆದ್ರೆ ಇವತ್ತು ಹುಡುಕಿದ್ರೆ ಒಂದೂ ಸಿಗಲ್ಲ. ಎಲ್ಲಾ ಕೆಡವಿ ಪಬ್ ಮಾಡವ್ರೆ, ಶೋರೂಮ್ ಮಾಡವ್ರೆ. ಅವನು ಮೂರು ದಿನ ಕೂತು ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡ್ಸಿದಂಗೆ ಟೈಲ್ಸ್ ಜೋಡ್ಸಿದ್ದ ಒಂದು ದೇವರಮನೆ ಜಾಗದಲ್ಲಿ ಈಗ ಬೀರಿನ ದೊಡ್ಡ ಡ್ರಮ್ ನಿಂತಿದೆ. ಹೆಂಡ್ತಿ ಯಶೋದಮ್ಮ, "ನಿಮ್ ಕೈಗುಣ ರೀ. ನೀವು ಕಟ್ಟಿದ್ದಕ್ಕೇ ಸಿಟಿ ಇಷ್ಟು ಬೇಗ ಬದಲಾಗಿದ್ದು" ಅಂತ ಚುಚ್ತಾಳೆ. ಅವನೂ ನಗ್ತಾನೆ. ಆದ್ರೆ ಒಂದಿನ ಹಂಡ್ರೆಡ್ ಫೀಟ್ ರೋಡಲ್ಲಿ ನನ್ ಜೊತೆ ನಡೀತಾ ನಡೀತಾ ನಿಂತು, "ಲೋ, ನಾನು ಹೋದ್ಮೇಲೆ ಇದು ಮುನಿಆಂಜನಪ್ಪ ಕಟ್ಟಿದ್ದು ಅನ್ನೋಕೆ ಒಂದು ಕಕ್ಕಸ್ ಗೋಡೆನಾದ್ರೂ ಉಳಿದಿರತ್ತೇನೋ?" ಅಂದ. ನಾನು ತಮಾಷೆ ಮಾಡೋಣ ಅಂತ ಬಾಯಿ ತೆಗೆದೆ. ಮುಖ ನೋಡಿ ಒಂದು ಬೀಡಿ ಹಚ್ಚಿ ಕೈಗಿಟ್ಟೆ.

ಆವಾಗ್ಲೇ ಬಂತು ಸ್ತೂಪದ ಕೆಲಸ. ಕಗ್ಗದಾಸಪುರದಲ್ಲಿ ಬುದ್ಧನ ದಾರಿ ಹಿಡಿದ ನಮ್ಮೋರದ್ದೇ ಒಂದು ಪುಟ್ಟ ವಿಹಾರ ಇದೆ, ಒಂದು ಹಾಲ್, ಹಿಂದೆ ಒಂಚೂರು ಖಾಲಿ ಜಾಗ. ಅಲ್ಲಿ ಎಂಟಡಿ ಅಗಲದ ಸ್ತೂಪ ಬೇಕು ಅಂತ ಕಮಿಟಿ ತೀರ್ಮಾನ. ಸೆಕ್ರೆಟರಿ ಲಕ್ಷ್ಮಿಕಾಂತ ಅಂತ, ರಿಟೈರ್ಡ್ ಹೆಡ್‌ಮಾಸ್ಟ್ರು, ಈಗ್ಲೂ ಜನಗಣಮನಕ್ಕೆ ನಿಲ್ಸಿದಂಗೆ ಎಲ್ಲರನ್ನೂ ಸಾಲಾಗಿ ನಿಲ್ಸಿ ಮಾತಾಡ್ತಾರೆ. ಅವರು ಫೋನಲ್ಲಿ ಸ್ತೂಪದ ಫೋಟೋ ತೋರ್ಸಿದ್ರು. ಮುನಿಆಂಜನಪ್ಪ, "ಇದೇನ್ ಮಹಾ, ಗುಮ್ಮಟ ತಾನೇ?" ಅಂತ ಹೇಳಿ ಶುರು ಹಚ್ಕೊಂಡ.

ಮೊದಲ್ನೇ ಗುಮ್ಮಟ ಕೆಳಗೆ ಆನಿಸಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ಕೂಡ್ಲೇ ಕುಸಿದೋಯ್ತು. ಎರಡನೇದು ಎರಡು ದಿನ ನಿಂತಿತ್ತು. ಮೂರನೇ ದಿನ ಬೆಳಗ್ಗೆ ಕಾಂಪೌಂಡಿಂದ ಒಂದು ಬೆಕ್ಕು ಅದರ ಮೇಲೆ ಹಾರ್ತು, ಅಷ್ಟೇ. ಬರೀ ಬೆಕ್ಕಿಗಾ ಅಂತ ಕೇಳ್ಬೇಡಿ. ಮಾಸ್ಕ್ ರೋಡ್ ಹೋಟ್ಲುಗಳ ಬಿರಿಯಾನಿ ತಿಂದು ಬೆಳೆದ ಬೆಕ್ಕು, ನನ್ ಲಾರಿ ಮುಂದೆ ಅಡ್ಡ ಬಂದಿದ್ರೆ ನಾನೇ ಸೈಡ್ ಕೊಡ್ತಿದ್ದೆ.

ಲಕ್ಷ್ಮಿಕಾಂತ ಮಾಸ್ಟ್ರು ಇನ್ನೊಂದು ಫೋಟೋ ತೋರ್ಸಿದ್ರು. ಫೈಬರ್ ಸ್ತೂಪ. ಪಾರ್ಕಿಗೆ ಬಾಯಿ ತೆರೆದ ಪೆಂಗ್ವಿನ್ ಕಸದಬುಟ್ಟಿ ಮಾಡ್ತಾರಲ್ಲ, ಅವರೇ ಮಾಡ್ಕೊಡ್ತಾರಂತೆ. ಟೆಂಪೋದಲ್ಲಿ ತಂದು ಇಳ್ಸಿದ್ರೆ ಮುಗೀತು. ಆ ವಾರ ವಿಹಾರದೋರೆಲ್ಲಾ ಹಳೇ ಸ್ತೂಪ ನೋಡೋಕೆ ಟೂರ್ ಹೊರಡೋದ್ರಲ್ಲಿದ್ರು, ಅದಕ್ಕೆ ಮಾಸ್ಟ್ರು ಅಂದ್ರು:

"ಟೂರಿಂದ ವಾಪಸ್ ಬಂದ ಭಾನುವಾರ ಮೀಟಿಂಗಲ್ಲಿ ಫೈನಲ್ ಮಾಡೋಣ ಮೇಸ್ತ್ರಿಗಳೇ. ಬುದ್ಧ ಪೂರ್ಣಿಮೆ ಹತ್ರ ಬಂತು. ನಿಮ್ಗೂ ವಯಸ್ಸಾಯ್ತು."

ವಯಸ್ಸಾಯ್ತು ಅಂದಿದ್ದು ತಪ್ಪಾಯ್ತು. ಟೂರಿಗೆ ಬರಲ್ಲ ಅಂತಿದ್ದೋನು ತೂಗುಗುಂಡು, ಟೇಪು ಎಲ್ಲಾ ಚೀಲಕ್ಕೆ ತುಂಬ್ಕೊಂಡು ಎಲ್ಲರಿಗಿಂತ ಮುಂಚೆ ಕೆ.ಆರ್. ಪುರಂ ಸ್ಟೇಷನ್ನಲ್ಲಿ ಕೂತಿದ್ದ. ಹಳೇ ಕಾಲದ ಮೇಸ್ತ್ರಿಗಳು ಗುಮ್ಮಟ ಹೆಂಗೆ ನಿಲ್ಲಿಸಿದ್ರು ಅಂತ ನೋಡ್ಕೊಂಡೇ ಬರ್ತೀನಿ ಅಂತ ಹಟ.

ನಾವು ಹೋಗಿದ್ದು ಆಂಧ್ರದ ಕಡೆ, ಸಮುದ್ರದ ದಡದಲ್ಲಿ ಒಂದು ಊರು. ಹೆಸರು ಹೇಳೋಕೆ ಹೋದ್ರೆ ನನ್ ಹಲ್‌ಸೆಟ್ಟು ಕೈಗೆ ಬರತ್ತೆ, ಬಿಡಿ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ಮೇಲೆ ಹಳೇ ಬೌದ್ಧ ವಿಹಾರ, ಈಗ ಪಾಳು. ನಲವತ್ತು ಜನ "ಬುದ್ಧಂ ಶರಣಂ" ಅಂತ ಹತ್ತಿದ್ರು, ನಾನು ಪ್ರತಿ ಮೆಟ್ಲಿಗೂ ಯಮಂ ಶರಣಂ ಅಂತ ಹತ್ತಿದೆ. ಮೇಲೆ ಹೋದ್ರೆ ಏನ್ ಗಾಳಿ ಅಂತೀರಿ! ನನ್ ಪಂಚೆ ನನಗಿಂತ ಮುಂಚೆ ಸಮುದ್ರ ನೋಡ್ತು. ಕೆಳಗೆ ಊರು ಬೆಂಕಿಪೊಟ್ಟಣ ಚೆಲ್ಲಿದಂಗೆ, ಅದರಾಚೆ ಬರೀ ನೀರು. ಎಲ್ರೂ ಕೈ ಮುಗಿದು ಕಣ್ಣು ಮುಚ್ಚಿ ನಿಂತ್ರು.

ಅಷ್ಟೊತ್ತಿಗೆ ಒಂದು ನಗು ಕೇಳಿಸ್ತು. ಸಣ್ಣ ನಗು ಅಲ್ಲ, ಕೆಳಗೆ ಬಲೆ ಹಾಕ್ತಿದ್ದ ಬೆಸ್ತರು ತಲೆ ಎತ್ತಿ ನೋಡೋ ಅಂಥ ನಗು. ಮುನಿಆಂಜನಪ್ಪ ಸ್ತೂಪದ ಮುಂದೆ ಹೊಟ್ಟೆ ಹಿಡ್ಕೊಂಡು ನಿಂತಿದ್ದ. ಸ್ತೂಪದಲ್ಲಿ ಗುಮ್ಮಟಾನೇ ಇಲ್ಲ! ಸೊಂಟದೆತ್ತರಕ್ಕೆ ದುಂಡಗೆ ಇಟ್ಟಿಗೆ ಪಾಯ ಅಷ್ಟೇ, ಯಾರೋ ಕೇಕ್ ಮೇಲಿನ ಭಾಗ ತಿಂದು ಹೋದಂಗೆ.

"ಲೋ, ಇವರದ್ದೂ ಬಿದ್ದೋಗಿದ್ಯಲ್ಲೋ!"

ಲಕ್ಷ್ಮಿಕಾಂತ ಮಾಸ್ಟ್ರು ಕಣ್ಣು ಬಿಟ್ರು. "ಇವರದ್ದು ಬೀಳೋಕೆ ಎರಡು ಸಾವಿರ ವರ್ಷ ಆಯ್ತು ಮೇಸ್ತ್ರಿಗಳೇ. ನಿಮ್ದು ಎರಡು ದಿನ."

ನಲವತ್ತು ಜನ ನಕ್ರು. ಅವನು ನಗೋದು ನಿಲ್ಲಿಸ್ದ. ಪಕ್ಕದ ಬಂಡೆ ಮೇಲೆ ಹೋಗಿ ಕೂತ. ಅಷ್ಟು ದೂರ ಬಂದಿದ್ದು ಗುಮ್ಮಟ ನೋಡೋಕೆ, ನೋಡೋಕೆ ಗುಮ್ಮಟಾನೇ ಇಲ್ಲ. ಇನ್ನು ಪೆಂಗ್ವಿನ್ನೋರೇ ಗತಿ. ನಾನು ಹೋಗಿ ಒಂದು ಬೀಡಿ ಕೊಟ್ಟೆ, ಬೇಡ ಅಂದ. ಐವತ್ತು ವರ್ಷದಲ್ಲಿ ಅವನು ಬಿಟ್ಟಿ ಬೀಡಿ ಬೇಡ ಅಂದಿದ್ದು ಅದೇ ಮೊದಲು.

ಯಶೋದಮ್ಮ ಮಂಡಿ ನೋವು ಅಂತ ಆ ಪಾಯದ ಪಕ್ಕ ನಿಂತ್ಕೊಂಡು ಒಳಗೆ ಇಣುಕ್ತಿದ್ಲು. ಬಾಡಿಗೆ ಮನೆ ನೋಡೋಕೆ ಹೋದಾಗ ನೋಡ್ತಾರಲ್ಲ, ಹಂಗೆ.

"ಏನ್ರೀ, ಇಷ್ಟು ಸಣ್ಣ ಮನೇಲಿ ಇಷ್ಟೊಂದು ಗೋಡೆ ಯಾಕ್ರೀ? ಒಳಗೆ ಹೆಂಗ್ ಓಡಾಡ್ತಿದ್ರು?"

"ಅದು ಮನೆ ಅಲ್ಲ ಕಣೆ" ಅಂದ ಅವನು ಕೂತಲ್ಲಿಂದ್ಲೇ.

"ಹಂಗಾದ್ರೆ ಬಾಗ್ಲೆಲ್ಲಿ?"

ಅವನು ತಲೆ ಎತ್ತಿದ. ಎದ್ದು ಬಂದ. ಮಧ್ಯದಿಂದ ಅಂಚಿಗೆ ಗೋಡೆಗಳು ಹರಡ್ಕೊಂಡಿದ್ವು, ಗಾಡಿ ಚಕ್ರದ ಕಡ್ಡಿ ಥರ. ಗೋಡೆ ಗೋಡೆ ನಡುವೆ ಒಂದು ಮೊಳ ಕೆಳಕ್ಕೆ ಇಳಿದ ಗಟ್ಟಿ ಮಣ್ಣು. ಅವನು ಹೊಟ್ಟೆ ಮೇಲೆ ಮಲಗಿ ಒಳಗೆ ಕೈ ಬಿಟ್ಟು ಸವರಿದ. ಟಕ್ ಟಕ್ ಅಂತ ಕುಟ್ಟಿದ.

"ಒಳಮೈಗೆ ಗಾರೆ ಹೊಡೆದೇ ಇಲ್ಲ. ಇಟ್ಟಿಗೆ ಅಂಕುಡೊಂಕಾಗೇ ಬಿಟ್ಟವ್ರೆ. ಯಾವ ಮೇಸ್ತ್ರೀನೂ ಕಣ್ಣಿಗೆ ಕಾಣೋ ಗೋಡೆ ಹಿಂಗೆ ಬಿಡಲ್ಲ. ಲೋ... ಇದು ಟೊಳ್ಳಲ್ಲ ಕಣೋ! ಒಳಗೆಲ್ಲಾ ಮಣ್ಣು ತುಂಬಿ ಮುಚ್ಬಿಟ್ಟವ್ರೆ! ನಾನು ಮಸೀದಿ ಗುಮ್ಮಟ ಕಟ್ಟಿದಂಗೆ ಟೊಳ್ಳು ಕಟ್ದೆ!"

ಐದು ವರ್ಷ ಕಲಿತಿದ್ದು ಒಳಗೆ ನಿಂತು ನಮಾಜ್ ಮಾಡೋ ಗುಮ್ಮಟ. ಇದು ಒಳಗೆ ಹೋಗೋದೇ ಅಲ್ಲ, ಸುತ್ತೋದು. ಫೋಟೋದಲ್ಲಿ ಹೊರಗಡೆ ಮಾತ್ರ ಕಾಣತ್ತೆ ನೋಡಿ. ಅದು ಮುರಿದು ಬಿದ್ದಿದ್ದಕ್ಕೇ ಒಳಗುಟ್ಟು ಗೊತ್ತಾಗಿದ್ದು.

ಟೇಪ್ ತೆಗೆದ. ಎಲ್ಲಿದ್ನೋ ವಾಚ್‌ಮನ್, ಪೀಪಿ ಊದ್ತಾ ಓಡಿ ಬಂದ. ಮುಟ್ಟಂಗಿಲ್ಲ, ಅಳತೆ ತಗೊಳೋಕೆ ಮೇಲಿಂದ ಪರ್ಮಿಷನ್ ಬೇಕು ಅಂತ ತೆಲುಗಲ್ಲಿ ಕೂಗಾಡ್ದ. ಮುನಿಆಂಜನಪ್ಪನೂ ತೆಲುಗಲ್ಲೇ ಅವನ ವಂಶಾವಳಿ ಶುರು ಮಾಡೋದ್ರಲ್ಲಿದ್ದ. ಯಶೋದಮ್ಮ ಮಧ್ಯೆ ಬಂದ್ಲು.

"ಅಣ್ಣಾ, ಪ್ರದಕ್ಷಿಣೆ ಹಾಕ್ಬೋದಾ?"

ಅದಕ್ಕೆ ಯಾರ ಅಡ್ಡಿ? ಅವಳು ಕೈ ಮುಗಿದು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಪಾದಕ್ಕೆ ಪಾದ ಸೇರ್ಸಿ ನಡೆಯೋಕೆ ಶುರು ಮಾಡಿದ್ಲು. ತುಟಿ ಅಲ್ಲಾಡ್ತಿತ್ತು. ವಾಚ್‌ಮನ್ ಮಂತ್ರ ಅಂದ್ಕೊಂಡ, ಭಕ್ತಿಯಿಂದ ಟೋಪಿ ತೆಗೆದ. ಅವಳು ಎಣಿಸ್ತಿದ್ಲು. ಅವಳ ಪಾದ ಮುಕ್ಕಾಲಡಿ ಅಂತ ಗಂಡನಿಗೆ ಗೊತ್ತು, ಎಷ್ಟು ಸಲ ಒದೆಸ್ಕೊಂಡವನೋ! ಲಕ್ಷ್ಮಿಕಾಂತ ಮಾಸ್ಟ್ರು ಇದೇ ಹಳೇ ಪದ್ಧತಿ ಇರ್ಬೇಕು ಅಂತ ಅವಳ ಹಿಂದೆ ಪಾದ ಜೋಡ್ಸಿದ್ರು. ಅವರ ಹಿಂದೆ ಮಿಕ್ಕೋರು. ಅರ್ಧ ಗಂಟೆ ನಲವತ್ತು ಜನ ಇರುವೆ ಸಾಲಿನಂಗೆ ಸುತ್ತಿದ್ರು, ಮೂರು ಜನ ಗಾಳಿಗೆ ವಾಲಿ ಬಿದ್ರು. ಮುನಿಆಂಜನಪ್ಪ ಅವಳ ಎಣಿಕೆ, ಕಡ್ಡಿ ಗೋಡೆ ಲೆಕ್ಕ ಎಲ್ಲಾ ಬೀಡಿ ಕಟ್ಟಿನ ಕಾಗದದ ಮೇಲೆ ಬರ್ಕೊಂಡ.

ಭಾನುವಾರ ಮೀಟಿಂಗಲ್ಲಿ ಅವನು ಎದ್ದು ನಿಂತು ಮಣ್ಣು ತುಂಬೋ ಗುಟ್ಟು ಬಿಡಿಸಿ ಹೇಳಿ, "ಹದಿನೈದು ದಿನ ಕೊಡಿ. ಆಗ್ಲಿಲ್ಲ ಅಂದ್ರೆ ನಾನೇ ಟೆಂಪೋ ತಂದು ಫೈಬರ್ ಇಳಿಸ್ತೀನಿ" ಅಂದ.

"ಒಳಗೆ ಮಣ್ಣು ತುಂಬೋಕೆ ಮೇಸ್ತ್ರಿ ಯಾಕೆ ಬೇಕು?" ಅಂದ್ರು ಮಾಸ್ಟ್ರು.

"ತಲೇಲಿ ಮಣ್ಣು ತುಂಬೋಕೆ ಮಾಸ್ಟ್ರು ಬೇಕಲ್ವಾ ಸಾರ್, ಹಂಗೆ."

ಮಾಸ್ಟ್ರ ಹಳೇ ಸ್ಟೂಡೆಂಟ್ಸೇ ಮೊದ್ಲು ಚಪ್ಪಾಳೆ ಹೊಡೆದಿದ್ದು. ಹದಿನೈದು ದಿನ ಸಿಕ್ತು.

ಎಂಟು ಕಡ್ಡಿ ಗೋಡೆ ಎಬ್ಬಿಸ್ದ. ನಡುವೆ ಮಣ್ಣು ಸುರಿದು, ನೀರು ಹಾಕಿ, ದಮ್ಮಸ್ಸು ಹೊಡೆದು ಗಟ್ಟಿ ಮಾಡಿ, ಮತ್ತೆ ಮಣ್ಣು. ಹೊರಗೆ ಇಟ್ಟಿಗೆ ದುಂಡಗೆ ಸುತ್ಕೊಂಡು ಬಂದ. ನನ್ ಕೈಲೂ ಮಣ್ಣಿನ ಬಾಂಡ್ಲಿ ಹೊರಿಸ್ದ. ಈಗ್ಲೂ ಸೊಂಟ ಹಿಡ್ಕೊಂಡಿದೆ, ಯಾವ ಡಾಕ್ಟ್ರೂ ಇದನ್ನ ಸ್ತೂಪದ ಕಾಯಿಲೆ ಅಂತ ಒಪ್ತಿಲ್ಲ. ಹದಿಮೂರನೇ ದಿನ ತುದಿ ಇಟ್ಟಿಗೆ ಕೂತ್ಕೊಳ್ತು. ಕಮಿಟಿ ನೋಡೋಕೆ ಬಂತು. ಯಾರೂ ಹತ್ರ ಹೋಗ್ಲಿಲ್ಲ, ಎರಡು ಸಲ ನೋಡಿದೋರಲ್ವಾ?

ಮುನಿಆಂಜನಪ್ಪ ಏಣಿ ಹಾಕ್ದ. ಮೇಲೆ ಹತ್ತಿದ. ನೆತ್ತಿ ಮೇಲೆ ನಿಂತು ಒಂದ್ಸಲ ಕುಪ್ಪಳಿಸ್ದ. ಏನೂ ಆಗ್ಲಿಲ್ಲ. ಮತ್ತೆ ಎರಡು ಕಾಲೂ ಎತ್ತಿ ಧೊಪ್ ಅಂತ ಹಾರ್ದ. ಯಶೋದಮ್ಮ ಕಣ್ಣು ಮುಚ್ಕೊಂಡ್ಲು. ಸ್ತೂಪ ಮಾತ್ರ ಮಿಸುಕಲಿಲ್ಲ.

"ಮೇಸ್ತ್ರಿಗಳೇ! ಪವಿತ್ರ ಜಾಗ! ಇಳೀರಿ ಕೆಳಗೆ!" ಅಂತ ಮಾಸ್ಟ್ರು ಕಿರುಚಿದ್ರು.

ಅವನು ಆರಾಮಾಗಿ ಅಲ್ಲೇ ಕೂತ್ಕೊಂಡು, ಕಾಲು ಇಳಿಬಿಟ್ಟು, ನನ್ ಕಡೆ ಬೀಡಿಗೆ ಕೈ ಚಾಚಿದ.

"ಇಳೀತೀನಿ ಇರಿ ಸಾರ್. ನಾಳೆ ಗಾರೆ ಹೊಡೆದು ಸುಣ್ಣ ಬಳಿದ್ಮೇಲೆ ಇದು ಬುದ್ಧಂದು. ಇವತ್ತು ಸಾಯಂಕಾಲದವರೆಗೂ ನಂದು."