ಸತ್ಯವೇದ ಮುಚ್ಚಿದ ಮೇಲಿನ ಕತೆ

ಸಿರುಗುಪ್ಪ ಕಡೆಯಿಂದ ಬರುವ ಬಸ್ಸಿಗೆ ಮೀನಿನ ಬುಟ್ಟಿ ಹತ್ತಿತೆಂದರೆ ಜನ ಸೆರಗು, ಟವೆಲ್ಲು ಮೂಗಿಗೆ ಒತ್ತಿಕೊಂಡು ಕಿಟಕಿಯತ್ತ ಮುಖ ತಿರುಗಿಸುತ್ತಾರೆ. ನಾನೀಗ ಕುರುಗೋಡಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಬಳ್ಳಾರಿಗೆ ಹೋಗಬೇಕಾದಾಗ ಆ ಬಸ್ಸು ಸಿಕ್ಕರೆ, ಬುಟ್ಟಿಯ ಪಕ್ಕದ ಸೀಟು ನನ್ನದು. ಹೊಳೆಮೀನಿನ ಆ ಹಸಿ ವಾಸನೆ, ಅದರೊಳಗಿನ ಕೆಸರು, ಒದ್ದೆ ಗೋಣಿ, ಎಲ್ಲೋ ತಳದಲ್ಲಿ ಒಂದಿಷ್ಟು ಕಹಿ, ಇವು ಮೂಗಿಗೆ ಬಂದವೆಂದರೆ ಬಳ್ಳಾರಿ ಕಂಟೋನ್ಮೆಂಟಿನ ನಮ್ಮ ಹಳೆಯ ಮನೆಯ ಬಾಗಿಲು ತೆರೆದಂತಾಗುತ್ತದೆ. ದಪ್ಪ ಗೋಡೆ, ಎತ್ತರದ ಮಾಡು, ಬಿಸಿಲು ಒಳಗೆ ಬರಲು ಅಂಜುವಷ್ಟು ತಂಪು. ಆ ಜಾಗದಲ್ಲಿ ಈಗ ಬೇರೆ ಯಾರದೋ ಮೂರಂತಸ್ತಿನ ಮನೆಯಿದೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಗೋಡೆ ಬಿದ್ದ ಮೇಲೆ ಮೂಗಿನಲ್ಲಿ ಮಾತ್ರ ಉಳಿದದ್ದು.

ನನ್ನ ಅಜ್ಜ ಪ್ರೊಟೆಸ್ಟೆಂಟ್ ಸಭೆಯವನು. ಭಾನುವಾರದ ಆರಾಧನೆಯಲ್ಲಿ ಸತ್ಯವೇದ, ಅಂದರೆ ಬೈಬಲ್ಲು, ಓದುವ ಕೆಲಸ ಅವನದು. ಅಜ್ಜಿ ಸಿರುಗುಪ್ಪದ ಹೊಳೆದಂಡೆಯ ಕ್ಯಾಥೊಲಿಕ್ ಮನೆಯ ಹುಡುಗಿ. ಮದುವೆಯಾದ ಮೇಲೆ ಗಂಡನ ಸಭೆಗೆ ಬಂದಳು, ಆದರೆ ಬರುವಾಗ ಒಂದು ಕತೆಯನ್ನು ಜೊತೆಗೆ ತಂದಳು. ಅದು ಅವಳ ತವರಿನವರ ಬೈಬಲ್ಲಿನಲ್ಲಿತ್ತು, ಅಜ್ಜನ ಬೈಬಲ್ಲಿನಲ್ಲಿ ಇರಲಿಲ್ಲ. ಅದಕ್ಕಾಗಿ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿಕೊಂಡಿತ್ತು. ಊಟವಾದ ಮೇಲೆ ಅಜ್ಜ ಪಡಸಾಲೆಯಲ್ಲಿ ಕೂತು ಒಂದು ಅಧ್ಯಾಯ ಓದುತ್ತಿದ್ದ. ಪುಸ್ತಕ ಮುಚ್ಚಿ, ಬಟ್ಟೆಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿಟ್ಟ ಮೇಲೆಯೇ ಅಜ್ಜಿ ಬಾಯಿ ತೆರೆಯಬೇಕು. ಅದೂ ಪಡಸಾಲೆಯಲ್ಲಲ್ಲ, ಹೊಸ್ತಿಲಾಚೆಯ ಜಗಲಿಯಲ್ಲಿ.

ಕತೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಎರಡೂ ಕಣ್ಣು ಹೋಗುತ್ತವೆ. ಅವನ ಮಗ ದೂರದೂರಿಗೆ ಹೊರಡುತ್ತಾನೆ. ದಾರಿಯ ಜೊತೆಗಾರ ನಿಜವಾಗಿ ದೇವದೂತ, ಮಗನಿಗೆ ಅದು ಗೊತ್ತಿಲ್ಲ. ಹೊಳೆಯಲ್ಲಿ ದೊಡ್ಡ ಮೀನೊಂದು ಸಿಗುತ್ತದೆ. ಅದರ ಪಿತ್ತ ತೆಗೆದಿಟ್ಟುಕೋ ಎನ್ನುತ್ತಾನೆ ದೂತ. ಮಗ ಮನೆಗೆ ಬಂದು ಅದನ್ನು ತಂದೆಯ ಕಣ್ಣಿಗೆ ಹಚ್ಚಿದಾಗ ಬಿಳಿ ಪೊರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಇವರ ಹಿಂದೆ ಒಂದು ನಾಯಿ, ಏನೂ ಕೆಲಸವಿಲ್ಲದೆ, ಸುಮ್ಮನೆ ಹೋಗಿ ಸುಮ್ಮನೆ ಬರುತ್ತದೆ. ಅಜ್ಜಿಯ ಬಾಯಲ್ಲಿ ಆ ಹೊಳೆ ಸಿರುಗುಪ್ಪದ ಹೊಳೆಯೇ ಆಗಿತ್ತು. ಒಳಗೆ ಕೂತ ಅಜ್ಜ ಕೇಳಿಸಿಕೊಳ್ಳದವನಂತೆ ಕೆಮ್ಮುತ್ತಿದ್ದ. ಆದರೆ ಅಜ್ಜಿ ಒಂದು ಮಾತು ಹಾರಿಸಿದರೂ ಒಳಗಿನಿಂದ ದನಿ ಬರುತ್ತಿತ್ತು: “ನಾಯಿ ಬಾಲ ಅಲ್ಲಾಡಿಸಿದ್ದು ಬಿಟ್ಟೆಲ್ಲ!”

“ಇಷ್ಟು ಚಲೋ ಕತಿ ನಮ್ಮ ಪುಸ್ತಕದಾಗ ಯಾಕಿಲ್ಲಜ್ಜಾ?” ಎಂದು ನಾನೊಮ್ಮೆ ಕೇಳಿದೆ.

“ಯೆಹೂದ್ಯರು ತಮ್ಮ ಶಾಸ್ತ್ರದಾಗ ಅದನ್ನ ಸೇರ್ಸಿದ್ದಿಲ್ಲ, ಸಾಮೂ. ಗ್ರೀಕ್ ಭಾಷೆ ಓದೋವರ ಪ್ರತಿಯೊಳಗ ಇತ್ತು. ಅದಕ್ಕ ನಮ್ಮ ಹಿರಿಯರು, ಓದಾಕ ಚಲೋ ಐತಿ, ನಂಬಿಕಿಗೆ ಆಧಾರ ಮಾಡ್ಕೊಳ್ಳಾಕ ಬ್ಯಾಡ ಅಂದ್ರು. ನಿಮ್ಮಜ್ಜಿ ಕಡೆಯವ್ರು ಒಳಗ ಇಟ್ಕೊಂಡ್ರು.”

“ನಿಮ್ಮ ಹಿರಿಯರು ಮನಿ ಬದಲಿ ಮಾಡೋವಾಗ ನಾಯೀನ್ನ ಮರತು ಬಂದಾರ ತಗೋರಿ,” ಎಂದಳು ಅಜ್ಜಿ. ಅಜ್ಜ ನಕ್ಕ. ಬೇರೆ ಕೆಲವು ಬರಹಗಳೂ ಇದ್ದವಂತೆ, ಬಾಲಯೇಸು ಮಣ್ಣಿನ ಹಕ್ಕಿಗಳಿಗೆ ಜೀವ ಕೊಟ್ಟ ಕತೆಯಂಥವು. ಅವನ್ನು ಬಹಳ ತಡವಾಗಿ ಯಾರೋ ಬರೆದು ಶಿಷ್ಯರ ಹೆಸರು ಹಚ್ಚಿದ್ದರಿಂದ ಎರಡು ಕಡೆಯವರೂ ಬಿಟ್ಟರು ಎಂದು ವಿವರಿಸಿದ. ನನಗೆ ಆಧಾರ, ಪ್ರತಿ ಯಾವುದೂ ಹತ್ತಲಿಲ್ಲ. ಮೀನು ಮಾತ್ರ ತಲೆಯಲ್ಲಿ ಉಳಿಯಿತು.

ಏಕೆಂದರೆ ಅಜ್ಜನ ಕಣ್ಣಿಗೂ ಬಿಳಿ ಪೊರೆ ಬರುತ್ತಿತ್ತು. ಬಲಗಣ್ಣು ಆಗಲೇ ಹಾಲಿನಂತಾಗಿತ್ತು. ಎಡಗಣ್ಣಿನಿಂದ ಪುಸ್ತಕವನ್ನು ಮೂಗಿಗೆ ತಾಗಿಸಿ ಓದುತ್ತಿದ್ದ. ಅದೂ ಹೋದರೆ ಭಾನುವಾರದ ಓದು ಬೇರೆಯವರ ಪಾಲು. ಆಪರೇಷನ್ನೆಂದರೆ ಅವನಿಗೆ ಭಯ. ಆ ಬೇಸಿಗೆಯಲ್ಲಿ ಅಜ್ಜಿಯ ತಮ್ಮನ ಮನೆಗೆಂದು ಸಿರುಗುಪ್ಪಕ್ಕೆ ಹೋದ ನಾನು ಮೀನು ಕೊಯ್ಯುತ್ತಿದ್ದ ಹೆಂಗಸಿನ ಮುಂದೆ ಕುಕ್ಕರುಗಾಲಲ್ಲಿ ಕೂತೆ.

“ಪಿತ್ತ ತಗೊಂಡು ಏನ್ಮಾಡ್ತೀಲೇ? ಸಾರಿಗೆ ಬಿದ್ರ ಎಲ್ಲಾ ಕಹಿ, ನಿಮ್ಮವ್ವ ನಿನ್ನನ್ನಽ ಕೊಯ್ತಾಳ!” ಎಂದು ಆಕೆ ನಗಾಡಿದಳು. ಔಷಧಕ್ಕೆ ಎಂದೆ. ಆ ಹಸಿರು ನೀರನ್ನು ಇಂಕಿನ ಬಾಟಲಿಯಲ್ಲಿ ಹಾಕಿಸಿಕೊಂಡು ಮರುದಿನ ಬಳ್ಳಾರಿಗೆ ತಂದೆ. ಮಧ್ಯಾಹ್ನ ಅಜ್ಜ ಮಲಗಿದ್ದ. ಮೊದಲು ಪ್ರಾರ್ಥನೆ ಮಾಡಿದೆ. ಕುರುಡಾದ ಬಲಗಣ್ಣಿಗೆ ಮಾತ್ರ ಹಾಕಿದ್ದರೆ ಆಗುತ್ತಿತ್ತು. ಆದರೆ ಕತೆಯಲ್ಲಿ ಎರಡೂ ಕಣ್ಣೆಂದಿತ್ತಲ್ಲ, ನಾನು ಎರಡಕ್ಕೂ ಹಾಕಿದೆ.

ಅಜ್ಜ ಕೂಗಿದ ಕೂಗನ್ನು ಬರೆಯಲು ನನಗೆ ಬರುವುದಿಲ್ಲ. ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದ ಸಂಜೆ ಅಪ್ಪ ಬಾಟಲಿ ಹಿಡಿದು ಪಡಸಾಲೆಯಲ್ಲಿ ನಿಂತಿದ್ದ. ನಾನು ಅಜ್ಜಿಯ ಸೆರಗಿನ ಹಿಂದಿದ್ದೆ.

“ಯಾರು ಹಾಕಿದ್ದು ಇದನ್ನ?”

ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜ, “ನಾನಽ ಹಾಕಿಸ್ಕೊಂಡೆ. ಸಾಮೂನ ಕೈಲಿ ತರ್ಸಿದ್ದೂ ನಾನಽ,” ಎಂದ. ಅವನು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಇನ್ನ ಮ್ಯಾಲೆ ಆ ಕತಿ ಈ ಮನ್ಯಾಗ ಬ್ಯಾಡ,” ಅಪ್ಪ ಗುಡುಗಿದ. “ಇಂಥಾವು ಆಗತಾವಂತನಽ ಹಿರಿಯರು ಅದನ್ನ ಕಿತ್ತು ಒಗದಾರ.”

“ಯಾಕ ಬಿಟ್ರು ಅನ್ನೋದು ನನಗ ಗೊತ್ತೈತಿ,” ಎಂದ ಅಜ್ಜ ಪಟ್ಟಿಯ ಒಳಗಿನಿಂದ. “ಇದಕ್ಕಲ್ಲ ಬಿಟ್ಟಿದ್ದು. ಆ ಕತಿ ಮ್ಯಾಲೆ ಇಲ್ಲದ ತಪ್ಪು ಹೊರಿಸಬ್ಯಾಡ. ಈ ಮನ್ಯಾಗ ಅದು ಇರತೈತಿ.”

ಉರಿ ಇಳಿಯಿತು, ಓದುವ ಬೆಳಕು ಮರಳಲಿಲ್ಲ. ಹೇಗೂ ಹೋಗಲಿದ್ದ ಕಣ್ಣು ಎಂದರು ಡಾಕ್ಟರು. ನಾನು ಅದನ್ನು ಪೂರ್ತಿ ನಂಬಲಿಲ್ಲ, ಈಗಲೂ ನಂಬಿಲ್ಲ. ಅಜ್ಜ ಬದುಕಿರುವಷ್ಟು ದಿನ ‘ತಪ್ಪಾಯಿತು’ ಎಂದು ನಾನು ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಬದಲಿಗೆ ಸತ್ಯವೇದವನ್ನು ನನ್ನ ತೊಡೆಯ ಮೇಲಿಟ್ಟು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಕಲಿಸಿದ. ಹೈಸ್ಕೂಲು ದಾಟದ ನನಗೆ ಇವತ್ತು ನಾಲ್ಕು ಸಾಲು ಬರೆಯಲು ಬರುತ್ತಿದ್ದರೆ, ಅದು ಅವನ ಹೋದ ಕಣ್ಣು ಕೊಟ್ಟ ವಿದ್ಯೆ.

ನಾನು ಓದಿ ಪುಸ್ತಕ ಮುಚ್ಚಿದ ಮೇಲೆ ಅಜ್ಜ ಈಗ ಒಳಗೆ ಉಳಿಯುತ್ತಿರಲಿಲ್ಲ. ಕುರ್ಚಿಯನ್ನು ಜಗಲಿಗೆ ಹಾಕಿಸಿಕೊಂಡು, “ಏ ಮರಿಯಮ್ಮ, ಸುರು ಮಾಡು,” ಎನ್ನುತ್ತಿದ್ದ. ಅಜ್ಜಿ ಹೇಳುತ್ತಿದ್ದಳು. ಮಗ ಮನೆಗೆ ಬಂದು ತಂದೆಯ ಕಣ್ಣು ಮುಟ್ಟುವ ಜಾಗಕ್ಕೆ ಬಂದಾಗ ಮಾತ್ರ ಅವಳ ದನಿ ಸಿಕ್ಕಿಕೊಳ್ಳುತ್ತಿತ್ತು.

“ಯಾಕ ನಿಂತಿ? ಹೇಳು,” ಎನ್ನುತ್ತಿದ್ದ ಅಜ್ಜ. “ಮಗನ ಮುಖ ಕಾಣತೈತಿ, ಹೇಳು.”

ಅವಳು ಹೇಳುವಾಗ ಅವನ ಕೈ ಕತ್ತಲಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು. ನಾನು ಬಾಗಿ ಆ ಕೈಗೆ ನನ್ನ ಮುಖ ಕೊಡುತ್ತಿದ್ದೆ.