ಡ್ರೋನ್ ಅಕ್ಕನ ಆಸನ
ಬೆಳೆಗೆ ಔಷಧಿ ಹೊಡೆಸಬೇಕೆಂದರೆ ನಮ್ಮೂರಿನಲ್ಲಿ ಈಗ ಡ್ರೋನ್ ಅಕ್ಕನ ಮರ್ಜಿ ಕಾಯಬೇಕು. ಮೊದಲು ಚಿಟಿಕೆ ಮಣ್ಣು ತೂರಿ ಗಾಳಿ ನೋಡುತ್ತಾಳೆ, ಆಮೇಲೆ ಫೋನಿನಲ್ಲಿ ನೋಡುತ್ತಾಳೆ. ಎರಡೂ ಒಪ್ಪದಿದ್ದರೆ ಆಕಾಶವೇ ಕಳಚಿಬಿದ್ದರೂ ಹಾರಿಸುವುದಿಲ್ಲ. ಆಳುಗಳು, ಮಕ್ಕಳು, ಕೊನೆಗೆ ನಾಯಿಯೂ ಹೊಲ ಬಿಟ್ಟು ಆಚೆ ಹೋಗಬೇಕು. ಊರಿನ ದೊಡ್ಡ ಹೊಲದ ಯಜಮಾನರು ಬದುವಿನ ಮೇಲೆ ನಿಂತರೂ ಬಿಡುವುದಿಲ್ಲ: "ಔಷಧಿ ಪೈರಿಗೆ ಯಜಮಾನ್ರೇ, ನಿಮ್ಮ ಮೂಗಿಗಲ್ಲ. ಆ ಮರದ ಹತ್ರ ಹೋಗಿ." ಅವರು ಪಂಚೆ ಎತ್ತಿಕೊಂಡು ಓಡುತ್ತಾರೆ. ಅಕ್ಕ ಕೂತು ಹಾರಿಸುವುದು ಒಂದು ಹಳೆಯ ಡಬ್ಬದ ಮೇಲೆ. ಹಿಂದೆ ಆಳುಗಳು ಬೆನ್ನಿಗೆ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದ ಡಬ್ಬ ಅದು. "ಈ ಕುಂಟುಗಾಲಲ್ಲಿ ಇದನ್ನ ಹೊರೋಕಾಗುತ್ತೇನಮ್ಮ?" ಎಂದು ಇದೇ ಯಜಮಾನರು ಒಂದು ಕಾಲದಲ್ಲಿ ಅವಳಿಗೆ ಕೆಲಸ ಕೊಡದೆ ಕಳಿಸಿದ್ದರು. ಅವರ ಹೊಲದ ಮೇಲೆ ಮೊದಲ ಸಲ ಡ್ರೋನ್ ಹಾರಿಸಿದ ದಿನ ಅವಳೇ ಆ ಡಬ್ಬವನ್ನು ಅವರಿಂದ ಕೇಳಿ ಪಡೆದಳು: "ಹೊರೋಕಾಗಲ್ಲ ಯಜಮಾನ್ರೇ, ಕೂರೋಕಾಗುತ್ತೆ."